ಬಲಗಡೆಯ ಹಸಿಬೆ

ನಿವೃತ್ತಿಯಾದ ಮರುದಿನ ಬೆಳಿಗ್ಗೆ ನಾನು ಮಸ್ಕಿ ಬಸ್ ನಿಲ್ದಾಣಕ್ಕೆ ಹೋಗಿ ಸುಮ್ಮನೆ ನಿಂತಿದ್ದೆ. ಹೋಗುವ ಊರಿರಲಿಲ್ಲ, ಬರುವ ನೆಂಟರಿರಲಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮತ್ತೆ ವಾಪಸ್. ಈ ದಾರಿಯಲ್ಲಿ ಕಂಡಕ್ಟರಾಗಿ ನನ್ನ ಅರ್ಧ ಆಯುಷ್ಯ ಕಳೆದಿತ್ತು. ಮನೆಯಲ್ಲಿ ಕೂತರೆ ಕಾಲ ಕೆಳಗಿನ ನೆಲ ಅಲುಗಾಡುತ್ತಿಲ್ಲವಲ್ಲ ಎಂದೇ ಸಿಟ್ಟು ಬರುತ್ತಿತ್ತು. ಒಲೆಯ ಮೇಲೆ ಅನ್ನಕ್ಕಿಟ್ಟು ಬಾಗಿಲಿಗೆ ಬರುತ್ತಿದ್ದೆ, ಯಾಕೆ ಬಂದೆನೆಂದು ಮರೆತು ಒಳಗೆ ಹೋಗುತ್ತಿದ್ದೆ, ಅಷ್ಟರಲ್ಲಿ ಅನ್ನ ಸೀದಿರುತ್ತಿತ್ತು. ಮದುವೆ ಕೂಡಿ ಬಂದಿರಲಿಲ್ಲ, ಕೂಡಿಸಿಕೊಳ್ಳಲು ನನಗೂ ಪುರುಸೊತ್ತಿರಲಿಲ್ಲ. ಹೀಗಾಗಿ ಸೀದ ಅನ್ನಕ್ಕೆ ಬೈಯಲು ಕೂಡ ಮನೆಯಲ್ಲಿ ಯಾರೂ ಇರಲಿಲ್ಲ.

ಅಂಥ ಹೊತ್ತಿನಲ್ಲಿ ಸಾಲಗುಂದದ ಕುರಿಗಾರನೊಬ್ಬ ನನಗೊಂದು ಮುಧೋಳ ನಾಯಿಮರಿ ಕೊಟ್ಟ. ನಮ್ಮ ಬಸ್ಸಿನ ಹಳೆಯ ಗಿರಾಕಿ ಅವನು. ಉದ್ದ ಮೂತಿ, ಕಡ್ಡಿಯಂಥ ಕಾಲು, ಒಂದು ಕಡೆ ನಿಲ್ಲದ ಕಣ್ಣು.

"ಇದು ಕುರಿ ಕಾಯಂಗಿಲ್ರೀ ಅಕ್ಕಾರ, ಬರೇ ಓಡ್ತೈತಿ. ನಿಮಗ ಸರಿ ಹೋಗ್ತೈತಿ ತಗೋರಿ," ಎಂದ.

ಅವನು ನಾಯಿಯ ಬಗ್ಗೆ ಮಾತ್ರ ಹೇಳಿದ್ದಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಅದಕ್ಕೆ ಹೆಸರಿಡಲಿಲ್ಲ. "ಲೇ" ಎಂದರೆ ಬರುತ್ತಿತ್ತು. ಬೆಳೆದಂತೆ ಅದು ಬಾಗಿಲ ಚೌಕಟ್ಟು ಕಡಿಯಿತು, ನನ್ನ ಚಪ್ಪಲಿ ಕಡಿಯಿತು, ನೀರಿನ ಪೈಪು ಕಡಿಯಿತು. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಹಾಗೆ. ನಾನಿದ್ದದ್ದು ಬಾಡಿಗೆ ಮನೆ. ಮುಂದಿನ ಭಾಗದಲ್ಲಿ ಮನೆಯೊಡತಿ, ಹಿಂದಿನ ಎರಡು ಕೋಣೆಯಲ್ಲಿ ನಾನು, ನಡುವೆ ಅಂಗಳ, ಅಂಗಳದಲ್ಲಿ ಆಕೆಯ ಕೋಳಿಗಳು. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಕೋಳಿ ಎಲ್ಲವನ್ನೂ ಒಬ್ಬಳೇ ನಡೆಸಿದ ಗಟ್ಟಿ ಹೆಂಗಸು. ಒಮ್ಮೆ ನನ್ನ ನಾಯಿ ಹಗ್ಗ ಹರಿದುಕೊಂಡು ಹೋಗಿ ಮೊಟ್ಟೆಗೆ ಕೂತಿದ್ದ ಕೋಳಿಯನ್ನೇ ಎತ್ತಿಕೊಂಡು ಬಂತು. ಬಂದು ನನ್ನ ಕಾಲ ಬಳಿ ಇಟ್ಟು ಬಾಲ ಅಲ್ಲಾಡಿಸಿತು.

ಆಕೆ ಓಣಿಯ ಹೆಂಗಸರೆಲ್ಲ ಕೂಡಿದ್ದಾಗಲೇ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಎಳ್ಳಮಾಸಿ ತನಕ ನೋಡ್ತೀನಿ. ಆದ ಮ್ಯಾಲ ಈ ನಾಯಿ ನನ್ನ ಅಂಗಳದಾಗ ಕಾಣಬಾರದು. ನಾಯಿ ಬಿಡಂಗಿಲ್ಲ ಅಂದ್ರ ನೀನೂ ಗಂಟು ಕಟ್ಟು!"

ಎಳ್ಳಮಾಸಿ ಅಂದರೆ ಎಳ್ಳು ಅಮಾವಾಸ್ಯೆ, ಅದಕ್ಕೆ ಎರಡು ತಿಂಗಳೂ ಉಳಿದಿರಲಿಲ್ಲ. ಬೇರೆ ಮನೆ ಹುಡುಕಿದೆ. "ಒಬ್ಬಾಕೀನ? ಮ್ಯಾಲ ನಾಯಿ ಬ್ಯಾರೆ?" ಎಂದು ಬಾಗಿಲಲ್ಲೇ ಮಾತು ಮುಗಿಸಿದರು. ನಾಯಿಯನ್ನು ಬಿಟ್ಟುಬಿಡು ಎಂದವರ ಜೊತೆ ನಾನು ಜಗಳಾಡುತ್ತಿದ್ದೆ. ಬಸ್ಸಿನಲ್ಲಿ ಸಾವಿರಾರು ಜನ ನನ್ನನ್ನು ಕರೆದಿದ್ದಾರೆ, ಚಿಲ್ಲರೆ ಕೇಳಿದ್ದಾರೆ, ಬೈದಿದ್ದಾರೆ. ಆದರೆ ನಾನು ಬರುವುದನ್ನು ಬಾಗಿಲಲ್ಲಿ ಕಾದು ಕೂತದ್ದು ಆ ನಾಯಿಯೊಂದೇ. ಅದನ್ನು ಬಿಟ್ಟು ನನಗೆ ಬದುಕಲಾಗುತ್ತಿರಲಿಲ್ಲ, ಅಷ್ಟೇ.

ಟಂಟಂ ಆಟೋ ಹತ್ತಿಸಿಕೊಂಡು ಅದನ್ನು ಲಿಂಗಸುಗೂರಿನ ದನದ ಡಾಕ್ಟರ ಬಳಿ ಒಯ್ದೆ. ನಿದ್ದೆ ಬರುವ ಔಷಧಿ ಏನಾದರೂ ಕೊಡಿ ಎಂದೆ. ಅವರು ನಕ್ಕರು.

"ಜಡ್ಡು ಇಲ್ರೀ ಇದಕ್ಕ. ಬ್ಯಾಟಿ ನಾಯಿ ಇದು, ಖಾಲಿ ಕುಂತು ತಲಿ ಕೆಟ್ಟೈತಿ. ದಿನಾ ದೂರ ನಡಿಸ್ರಿ. ಬೆನ್ನಿಗೊಂದು ಸಣ್ಣ ಚೀಲ ಕಟ್ಟಿ ಏನರ ಹೊರಿಸ್ರಿ. ಕೆಲಸ ಐತಿ ಅಂತ ತಿಳಿದ್ರ ತಾನ ಸುಮ್ಮನಾಗ್ತೈತಿ."

ನಾಯಿಗೆ ಚೀಲ! ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಅದರದ್ದೊಂದು ಸಂತೆಯೇ ಇತ್ತು. ಕೆಂಪು, ನೀಲಿ, ಜಿಪ್ಪಿನದ್ದು, ಬಕಲಿನದ್ದು. ನನಗೆ ಒಂದನ್ನೂ ನೆಟ್ಟಗೆ ಓದುವ ತಾಳ್ಮೆ ಇರಲಿಲ್ಲ. ನಾಯಿಯ ಅಳತೆ ಕೇಳಿದ್ದರು. ಲಂಗಕ್ಕೆ ಅಳತೆ ಕೊಟ್ಟು ರೂಢಿ ನನಗೆ, ನಡುವಿಗೆ ಟೇಪು ಸುತ್ತಿ ಬರೆದು ಕಳಿಸಿದೆ. ಮುಧೋಳ ನಾಯಿಗೆ ಎದೆ ದೊಡ್ಡದು, ನಡು ಇಲ್ಲವೇ ಇಲ್ಲ. ಬಂದ ಚೀಲದ ಪಟ್ಟಿ ಎದೆಗೆ ಸುತ್ತಲೂ ಬರಲಿಲ್ಲ. ವಾಪಸ್ ಕಳಿಸಿ ದೊಡ್ಡದು ತರಿಸಿದೆ. ಅದು ಎದೆಗೆ ಸರಿಹೋಯಿತು, ಆದರೆ ನಾಲ್ಕು ಹೆಜ್ಜೆಯಿಟ್ಟ ಕೂಡಲೇ ಹಿಂದಕ್ಕೆ ಜಾರಿ ಹೊಟ್ಟೆಯ ಕೆಳಗೆ ಎಮ್ಮೆಯ ಕೆಚ್ಚಲಿನಂತೆ ಜೋತುಬಿತ್ತು. ಅದನ್ನೂ ಕಳಿಸಿದೆ. ದಿನಗಳು ಹೋಗುತ್ತಿದ್ದವು. ಮನೆಯೊಡತಿ ಅಂಗಳದಲ್ಲಿ ಎಳ್ಳು ಹಸನು ಮಾಡುತ್ತ ಮಾತಾಡದೆ ನನ್ನ ಕಡೆ ನೋಡುತ್ತಿದ್ದಳು.

ಆಗ ನೆನಪಾದದ್ದು ಹಸಿಬೆ. ಮೊದಲು ಸಂತೆಗೆ ಹೋಗುವವರು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದ ಉದ್ದ ಚೀಲ. ನಡುವೆ ಬಾಯಿ, ಎರಡು ತುದಿಗೆ ಎರಡು ಹೊಟ್ಟೆ, ಎದೆಗೊಂದು ಬೆನ್ನಿಗೊಂದು. ಎತ್ತಿನ ಮೇಲೂ ಹಾಕುತ್ತಿದ್ದರು. ಎತ್ತಿಗೆ ಹೊಲಿಯುವವರು ನಾಯಿಗೆ ಯಾಕೆ ಹೊಲಿಯಬಾರದು? ಸಿಂಧನೂರಿನ ಬಜಾರಿನಲ್ಲಿ ಎತ್ತಿನ ಬೆನ್ನಿಗೆ ಹೊದಿಸುವ ಜೂಲು, ಹಣೆಪಟ್ಟಿ, ಗೆಜ್ಜೆಸರ ಮಾಡುವ ಒಬ್ಬ ಅಂಗಡಿಯವನಿದ್ದ. ಎತ್ತಿನ ಹಬ್ಬ ಪೋಳ ಹೋಗಿ ಬಹಳ ದಿನವಾಗಿದ್ದರಿಂದ ಖಾಲಿ ಕೂತಿದ್ದ. ನಾಯಿಯನ್ನು ಅವನ ಮುಂದೆ ನಿಲ್ಲಿಸಿದೆ. ಅವನು ಅದರ ಸುತ್ತ ಬಂದು ನೋಡಿದ, ದಾರ ಹಿಡಿದು ಅಳೆದ, ಆಮೇಲೆ ದನಿ ತಗ್ಗಿಸಿ ಕೇಳಿದ.

"ಮೈಲಾರಲಿಂಗನ ಹರಕಿ ಏನ್ರೀ ಅಕ್ಕಾರ?"

ಲಿಂಗಸುಗೂರು ಬಸ್ಸಿನ ಹಾರ್ನು ಕೇಳುತ್ತಿತ್ತು. "ಏನರ ಅಂದ್ಕೋರಿ, ಜಲ್ದಿ ಹೊಲೀರಿ," ಎಂದು ನಾನು ಓಡಿದೆ. ಅವಸರವೇ ಅಪಘಾತಕ್ಕೆ ಕಾರಣ ಎಂಬ ಬೋರ್ಡಿನ ಕೆಳಗೆ ನಿಂತು ವರ್ಷಗಟ್ಟಲೆ ಟಿಕೆಟ್ ಹರಿದವಳು ನಾನು.

ಅವನು ಕೊಟ್ಟ ಹಸಿಬೆ ಮೈಲಾರನ ಭಕ್ತರು ಹಣೆಗೆ ಹಚ್ಚುವ ಭಂಡಾರದ ಹಳದಿ ಬಣ್ಣದ್ದು. ಅಂಚಿಗೆ ಕೆಂಪು ಗೊಂಡೆ, ಕೊರಳಿಗೆ ಕವಡೆ, ಸುತ್ತ ಗೆಜ್ಜೆ. ಮೈಲಾರನ ಜೊತೆ ಸದಾ ಇರುವ ನಾಯಿ ಎಂದರೆ ಹೀಗೆಯೇ ಇರಬೇಕೆಂದು ಮನಸ್ಸಿಟ್ಟು ಹೊಲಿದಿದ್ದ. ಜಗಳಾಡಬೇಕೆಂದು ಬಾಯಿ ತೆರೆದೆ. ಆದರೆ ನಾಯಿಗೆ ಹಾಕಿ ನೋಡಿದರೆ ಮೈಗೆ ಮೈ ಹೊಂದಿಕೊಂಡು ಕೂತಿತು, ಕುಣಿದರೂ ಜಾರಲಿಲ್ಲ. ಬಾಯಿ ಮುಚ್ಚಿಕೊಂಡು ತಂದೆ. ಗೆಜ್ಜೆಯ ಸಪ್ಪಳಕ್ಕೆ ನಾಯಿ ತನ್ನ ಬೆನ್ನಟ್ಟಿ ತಾನೇ ಓಡತೊಡಗಿದ್ದರಿಂದ ಗೆಜ್ಜೆ ಮಾತ್ರ ಕತ್ತರಿಸಿ ಹಾಕಿದೆ.

ಹೊರಿಸುವುದೂ ಒಂದು ವಿದ್ಯೆ. ಖಾಲಿ ಹಸಿಬೆ ಹಾಕಿ ಕೋಣೆಯೊಳಗೇ ತಿರುಗಾಡಿಸಿದೆ. ಮೊದಲು ಅದು ಕಲ್ಲಾಗಿ ನಿಂತಿತು, ಆಮೇಲೆ ಹಿಂದಹಿಂದಕ್ಕೆ ನಡೆಯಿತು, ರೊಟ್ಟಿಯ ಚೂರು ಕಂಡ ಮೇಲೆ ಬೆನ್ನಿನದು ಮರೆಯಿತು. ಮುಂದೆ ಎರಡೂ ಕಡೆ ಹಳೆಯ ಬಟ್ಟೆ ತುಂಬಿದೆ, ಆಮೇಲೆ ಈ ಕಡೆಗೊಂದು ಆ ಕಡೆಗೊಂದು ಸಣ್ಣ ನೀರಿನ ಬಾಟಲಿ. ಒಂದರಲ್ಲಿ ಒಂದು ಗುಟುಕು ಕುಡಿದರೆ ಇನ್ನೊಂದರಲ್ಲೂ ಒಂದು ಗುಟುಕು ಕುಡಿಯಬೇಕು, ಇಲ್ಲದಿದ್ದರೆ ಚೀಲ ವಾಲುತ್ತದೆ. ಪಟ್ಟಿಯ ಕೆಳಗೆ ಬೆರಳು ಆಡುವಷ್ಟು ಸಡಿಲಿರಬೇಕು. ಭಾರ ಹೆಗಲ ಮೇಲೆ ಕೂರಬೇಕು, ನಡುವಿನ ಮೇಲಲ್ಲ. ಉಂಡ ಕೂಡಲೇ ಹಾಕಬಾರದು, ಬಿಸಿಲೇರಿದ ಮೇಲೆ ಇಡಬಾರದು. ಇದೆಲ್ಲ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಡಕ್ಟರ್ ಚೀಲ ಹೊತ್ತು ನನ್ನ ಒಂದು ಹೆಗಲು ಇವತ್ತಿಗೂ ಇನ್ನೊಂದಕ್ಕಿಂತ ತಗ್ಗು, ಕುಪ್ಪಸ ಹೊಲಿಯುವವಳು ಪ್ರತಿ ಸಲ ಅದಕ್ಕೆ ಗೊಣಗುತ್ತಾಳೆ.

ಡಾಕ್ಟರು ಹೇಳಿದ್ದು ನಿಜವಾಯಿತು. ಬಾಟಲಿಯ ಭಾರ ಬಿದ್ದ ದಿನ ನಾಯಿ ತಲೆ ತಗ್ಗಿಸಿ, ಕಿವಿ ಹಿಂದಕ್ಕೆ ಹಾಕಿ, ಡ್ಯೂಟಿಗೆ ಹೊರಟವರ ಹಾಗೆ ನೆಟ್ಟಗೆ ನಡೆಯಿತು. ಬೆಕ್ಕು ಕಂಡರೂ ತಿರುಗಲಿಲ್ಲ. ಕಾಲುವೆಯ ದಂಡೆ ಹಿಡಿದು, ಕೊಯ್ದ ಭತ್ತದ ಗದ್ದೆ ದಾಟಿ, ಮಲ್ಲಯ್ಯನ ಗುಡ್ಡದ ಬುಡಕ್ಕೆ ಬಂದು ಮನೆಗೆ ತಿರುಗುವುದು ನಮ್ಮ ದಿನದ ಟ್ರಿಪ್ಪಾಯಿತು. ಬಂದ ಕೂಡಲೇ ಅದು ಮಲಗುತ್ತಿತ್ತು. ಕೋಳಿಗಳು ಅದರ ಮೂತಿಯ ಮುಂದೆ ಕಾಳು ಹೆಕ್ಕುತ್ತಿದ್ದವು. ನನಗೂ ಅನ್ನ ಸೀಯುವುದು ಕಡಿಮೆಯಾಯಿತು. ಇಷ್ಟಾದರೂ ಮನೆಯೊಡತಿ ಆಡಿದ ಮಾತು ಹಾಗೆಯೇ ನಿಂತಿತ್ತು, ಅವಳೂ ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಇಲ್ಲ ಎಂದುಬಿಡುತ್ತಾಳೆಂಬ ಹೆದರಿಕೆ ನನಗೆ.

ಎಡವಟ್ಟಾದದ್ದು ಸಂತೆಯ ದಿನ. ಗದ್ದಲಕ್ಕೂ ರೂಢಿಯಾಗಲಿ ಎಂದು ನಾಯಿಯನ್ನು ಸಂತೆಗೆ ಒಯ್ದಿದ್ದೆ. ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ಹಳದಿ ಹಸಿಬೆ ನೋಡಿದ್ದೇ ಎದ್ದು ನಿಂತು, "ಏಳುಕೋಟಿಗೋ!" ಎಂದು ಮೈಲಾರನ ಜಯಕಾರ ಕೂಗಿ ಒಂದು ಬೊಗಸೆ ಜೋಳ ತಂದು ಚೀಲಕ್ಕೆ ಸುರಿದಳು.

"ದೇವರ ನಾಯಿ ಅಲ್ಲ ಬೇ ಇದು, ನಮ್ಮ ಮನಿ ನಾಯಿ!" ಎಂದೆ.

"ಹಂಗ ಅನಬಾರದವ್ವಾ, ಬಾಯಿಗೆ ಹುಳ ಬೀಳ್ತಾವು," ಎಂದಳು.

ಆಮೇಲೆ ಬಂದವರಿಗೆ ಲೆಕ್ಕವಿಲ್ಲ. ಜೋಳ, ಕೊಬ್ಬರಿ, ಅರಿಷಿಣದ ಕೊಂಬು, ಬೆಲ್ಲದ ಹೆಂಟೆ. ಎಲ್ಲರೂ ಹಾಕಿದ್ದು ಬಲಗಡೆಗೇ. ದೇವರಿಗೆ ಎಡಗಡೆ ಯಾರು ಕೊಡುತ್ತಾರೆ? ಬಲಗಡೆಯ ಚೀಲ ಬಸುರಿಯ ಹೊಟ್ಟೆಯಂತಾಗಿ ಎಡಗಡೆಯದು ಬತ್ತಿಕೊಂಡಿತ್ತು. ನಾಯಿ ಓರೆಯಾಗಿ ನಡೆಯತೊಡಗಿತು. ನಾನು ಬಸ್ಸಿನ ದನಿ ತೆಗೆದು, "ಹಾಕೋರು ಎಡಕ್ಕೂ ಹಾಕ್ರಿ! ಎರಡೂ ಕಡೆ ಬರೋಬ್ಬರಿ ಆಗಬೇಕು!" ಎಂದು ಕೂಗಿದೆ. ನನ್ನ ದನಿಗೆ ತುಂಬಿದ ಬಸ್ಸು ಹಿಂದಕ್ಕೆ ಸರಿದದ್ದುಂಟು. ಅವತ್ತು ಒಬ್ಬರೂ ಸರಿಯಲಿಲ್ಲ. ಚೀಲ ಬಿಚ್ಚೋಣವೆಂದರೆ ಬಕಲಿಗೆ ಕೈ ಹೋಗದಷ್ಟು ಜನ. ಅಂತೂ ದೂಡಿಕೊಂಡು ಮನೆಗೆ ಬಂದು ಬಿಚ್ಚಿ ನೋಡಿದರೆ ಬಲಗಡೆಯ ಕಂಕುಳಲ್ಲಿ ಪಟ್ಟಿ ತಿಕ್ಕಿ ಚರ್ಮ ಕಿತ್ತು ಹಸಿ ಮಾಂಸ ಕಾಣುತ್ತಿತ್ತು. ನಾಯಿ ಒಮ್ಮೆಯೂ ಕುಂಯ್ ಎಂದಿರಲಿಲ್ಲ.

ಗಾಯ ಮಾಯುವ ತನಕ ಹಸಿಬೆ ಹಾಕುವಂತಿರಲಿಲ್ಲ. ಚೀಲವಿಲ್ಲದ ನಾಯಿ ಮತ್ತೆ ಗೋಡೆ ಕೆರೆಯತೊಡಗಿತು. ಎಳ್ಳಮಾಸಿ ಬಾಗಿಲಿಗೆ ಬಂದಿತ್ತು. ಆಗ ಒಂದು ಸಂಜೆ ಮನೆಯೊಡತಿ ಸಜ್ಜೆ ರೊಟ್ಟಿ ಹಿಡಿದುಕೊಂಡು ಬಂದು ನಾಯಿಗೆ ದೂರದಿಂದಲೇ ಕೈಮುಗಿದಳು. ಸಂತೆಯ ಸುದ್ದಿ ಓಣಿಗೆ ಬಂದು ಮುಟ್ಟಿತ್ತು.

"ಮೈಲಾರಲಿಂಗನ ಹರಕಿ ನಾಯಿ ಅಂತ ಮೊದಲ ಹೇಳಬಾರದೇನವ್ವಾ? ಇರ್ಲಿ ಇಲ್ಲೇ. ಎಳ್ಳಮಾಸಿಗೆ ನಮ್ಮ ಹೊಲಕ್ಕ ಚರಗದ ಸಾಮಾನು ಇದ ಹೊತ್ಕೊಂಡು ಬರ್ಲಿ. ಬೆಳಿಗೆ ಛಲೋ ಆಗ್ತೈತಿ."

ಚರಗವೆಂದರೆ ಅವತ್ತು ಹೊಲದಲ್ಲಿ ಭೂಮಿತಾಯಿಗೆ ಚೆಲ್ಲುವ ಎಡೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಂದು ಸುಳ್ಳಿಗೆ ಸುಮ್ಮನಿದ್ದರೆ ನಾಯಿಗೆ ಮನೆ ಉಳಿಯುತ್ತಿತ್ತು. ಆದರೆ ಗಾಯ ಇನ್ನೂ ಹಸಿಯಿತ್ತು. ಅವಳು ಹೋದ ಮೇಲೆ ಬಾಗಿಲಿಂದ ಒಲೆಗೆ, ಒಲೆಯಿಂದ ಬಾಗಿಲಿಗೆ ಎಷ್ಟು ತಿರುಗಿದೆನೋ ಗೊತ್ತಿಲ್ಲ, ನಾಯಿಯೂ ನನ್ನ ಹಿಂದೆಯೇ ತಿರುಗಿತು.

ಎಳ್ಳಮಾಸಿಯ ಬೆಳಿಗ್ಗೆ ಅಂಗಳದ ತುಂಬ ಓಣಿಯ ಹೆಂಗಸರು, ಬುಟ್ಟಿ, ಕಡುಬಿನ ವಾಸನೆ. "ದೇವರನ್ನ ಕರಕೊಂಡು ಬಾ," ಎಂದು ಮನೆಯೊಡತಿ ಹೊರಗಿಂದ ಕೂಗಿದಳು. ನಾನು ಕೋಣೆಯಲ್ಲಿ ಹಸಿಬೆ ಎತ್ತಿಕೊಂಡೆ. ಅದು ಕಂಡದ್ದೇ ನಾಯಿ ಬಂದು ತಾನಾಗಿ ಅದರೊಳಗೆ ತಲೆ ತೂರಿಸಿತು. ಕೆಲಸ ಬಂತೆಂದು ಅದಕ್ಕೆ ಅಷ್ಟು ಖುಷಿ. ಕಾಲು ಮುಂದಿಟ್ಟಾಗ ಗಾಯದ ಹಕ್ಕಳೆ ಒಡೆದು ರಕ್ತ ಜಿನುಗಿತು. ನನ್ನಿಂದಾಗಲಿಲ್ಲ. ಚೀಲ ಬಿಸಾಕಿ ಮನೆಯೊಡತಿಯನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ.

"ಅಮ್ಮಾರ, ಇದು ದೇವರ ನಾಯಿ ಅಲ್ಲ. ಆ ಚೀಲ ಸಿಂಧನೂರಾಗ ಹೊಲಿಸಿದ್ದು. ನಿಮ್ಮ ಕೋಳಿ ಹಿಡಿದ ನಾಯೀನ ಇದು. ಗಾಯ ಆಗೈತಿ, ನಾ ಹೊರಸಂಗಿಲ್ಲ. ಬೇಕಾದ್ರ ನಾಳೇನ ಮನಿ ಬಿಡ್ತೀನಿ."

ಆಕೆ ಮಂಡಿಯೂರಿ ಕೂತು ನಾಯಿಯ ಕಾಲೆತ್ತಿ ಗಾಯ ನೋಡಿದಳು. ಅದು ಆಕೆಯ ಕೈ ನೆಕ್ಕಿತು.

"ಇಷ್ಟು ನನಗ ಗೊತ್ತಿಲ್ಲೇನು? ದೇವರ ನಾಯಿ ಆಗಿದ್ರ ಮೊಟ್ಟಿಗೆ ಕುಂತ ಕೋಳಿ ಹಿಡೀತಿತ್ತೇನು?"

"ಮತ್ತ ಅವತ್ತ ಕೈ ಮುಗುದ್ರಿ?"

"ಓಣಿ ಮಂದಿ ಮುಂದ ಹೊರಗ ಹಾಕ್ತೀನಿ ಅಂದುಬಿಟ್ಟಿದ್ದೆ. ಆಡಿದ ಮಾತು ತಿರುಗಿ ತಗೊಳ್ಳಾಕ ನನಗೊಂದು ನೆವ ಬೇಕಿತ್ತು. ಆ ಮೈಲಾರ ಕೊಟ್ಟಿದ್ದ. ನೀ ಒಬ್ಬಾಕಿ, ಅದನ್ನೂ ಕಸ್ಕೊಳ್ಳಾಕತ್ತಿ." ಆಕೆ ಸೆರಗಿನಲ್ಲಿ ನಾಯಿಯ ರಕ್ತ ಒರೆಸಿ ಎದ್ದಳು. "ನೀ ಹೋದ್ರ ಈ ಮನ್ಯಾಗ ತಿರುಗ್ಯಾಡೋ ಸಪ್ಪಳರ ಯಾರದು? ಒಬ್ಬಾಕಿ ಹೆಂಗ ಇರ್ಲಿ ನಾ?"

ಆಕೆ ಬಾಗಿಲು ತೆಗೆದು ಹೊರಗೆ ಹೋಗಿ ಚರಗದ ಬುಟ್ಟಿಯನ್ನು ತಾನೇ ತಲೆಯ ಮೇಲೆ ಹೊತ್ತುಕೊಂಡು, ಓಣಿಯೆಲ್ಲ ಕೇಳುವಂತೆ ಹೇಳಿದಳು.

"ದೇವರಿಗೆ ಇವತ್ತ ಮೈಯಾಗ ಆರಾಮಿಲ್ಲ. ಯಾರೂ ಏನೂ ಹೊರಸಬ್ಯಾಡ್ರಿ, ಬರೇ ಜೋಡಿ ನಡಕೊಂತ ಬರ್ತೈತಿ!"

ನಾನು ಬಾಗಿಲ ಹಿಂದೆ ನಿಂತು ಗಳಗಳ ಅತ್ತೆ.