ನೀರೊಳಗಿನ ಊರಿಗೆ ಕೋಡ್ ಬರೆದೆವು

"ನಿಮ್ಮ ಮನೆ ಎಲ್ಲಿದೆ?" ಎಂದು ಕೇಳಿದ್ದಕ್ಕೆ ಹತ್ತನೇ ತರಗತಿಯ ರೇಣುಕಾ ಎದ್ದು ನಿಂತು, "ನಮ್ಮ ಮನಿ ನೀರಾಗ ಐತ್ರಿ ಅಕ್ಕೋರ" ಎಂದಳು. ಯಾರೂ ನಗಲಿಲ್ಲ. ಬೆಪ್ಪಾದವಳು ನಾನೊಬ್ಬಳೇ.

ಮುಳಬಾಗಿಲಿನಿಂದ ಸವದತ್ತಿ ತಾಲ್ಲೂಕಿಗೆ ಸಮಾಜ ವಿಜ್ಞಾನದ ಶಿಕ್ಷಕಿಯಾಗಿ ಆಗಷ್ಟೇ ಬಂದಿದ್ದೆ. ನಮ್ಮ ಕಡೆ 'ಮಿಸ್' ಅನ್ನುವುದಕ್ಕೆ ಇಲ್ಲಿ 'ಅಕ್ಕೋರು'. ಶಾಲೆಯ ಊರಿಗೆ ಹತ್ತಿರದ ಮನೋಳಿಯಲ್ಲಿ ಬಾಡಿಗೆಗೆ ಸಿಕ್ಕಿದ್ದು 'ಖೋಲಿ', ಅಂದರೆ ಒಂದೇ ಕೋಣೆ. ಮೊದಲ ಭಾನುವಾರ ರಾಗಿ ಮುದ್ದೆ ಮಾಡಿ ಮನೆಯೊಡತಿಗೂ ಕೊಟ್ಟೆ. ಆಕೆ ಅಗಿದು ಅಗಿದು ಸುಸ್ತಾಗಿ, "ಇದನ್ನ ಹೆಂಗ ತಿಂತೀರವಾ?" ಎಂದರು. ನುಂಗಬೇಕು ಎಂದೆ. ಮರುದಿನದಿಂದ ನನ್ನ ಬಾಗಿಲಿಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಬರತೊಡಗಿದವು. ನನ್ನ ಮೇಲೆ ಅವರಿಗೆ ಕನಿಕರ ಹುಟ್ಟಿತ್ತು.

ರೇಣುಕಾಳ ಮಾತು ನಿಜ. ಮಲಪ್ರಭೆಗೆ ಅಣೆಕಟ್ಟೆ ಕಟ್ಟಿದಾಗ ಅವರ ಹಳೆಯ ಊರು ಮುಳುಗಿ, ಜನ ಈಗಿನ ಜಾಗಕ್ಕೆ ಬಂದಿದ್ದರು. ಹೊಸ ಊರು ಬೆಳೆದು ಹಳೆಯದಾಗುತ್ತ ಬಂದಿದ್ದರೂ ಮಕ್ಕಳು 'ನಮ್ಮ ಊರು' ಅನ್ನುವುದು ನೀರೊಳಗಿನದನ್ನೇ. ಕೋಲಾರದ ಕಡೆ ನೀರಿಲ್ಲದೆ ಊರು ಬಿಟ್ಟವರನ್ನು ನೋಡಿದ್ದೆ. ನೀರು ಬಂತೆಂದು ಊರು ಬಿಟ್ಟವರನ್ನು ನೋಡಿರಲಿಲ್ಲ.

ನದಿ ಕಣಿವೆ ಯೋಜನೆಗಳ ಪಾಠ ಬಂದಾಗ ಮಕ್ಕಳನ್ನು ಕಂಪ್ಯೂಟರ್ ಕೋಣೆಗೆ ಕರೆದೊಯ್ದೆ. ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಜೋಡಿಸಿ ಕಂಪ್ಯೂಟರಿಗೆ ಆಜ್ಞೆ ಕೊಡುವ ಕೋಡಿಂಗನ್ನು ತರಬೇತಿಯೊಂದರಲ್ಲಿ ಕಲಿತಿದ್ದೆ. ಮಕ್ಕಳು ಮನೆಯ ಹಿರಿಯರನ್ನು ಕೇಳಿಕೊಂಡು ಬಂದು ಹಳೆಯ ಊರಿನ ನಕ್ಷೆ ಬರೆದರು. ನೀರು ಮನೆಯನ್ನು ಮುಟ್ಟಿದರೆ ಮನೆ ಮಾಯವಾಗಲಿ ಎಂದು ಆಜ್ಞೆ ಕೊಟ್ಟೆವು. ಪರದೆಯಲ್ಲಿ ನೀರಿನ ನೀಲಿ ಏರಿದಂತೆ ಮನೆಗಳು ಒಂದೊಂದೇ ಆರಿದವು. ಎಲ್ಲರೂ ಚಪ್ಪಾಳೆ ಹೊಡೆದರು.

ರೇಣುಕಾ ಮಾತ್ರ ತಲೆ ಅಲ್ಲಾಡಿಸಿದಳು. "ಮನಿ ಮಾಯ ಆಗಲಿಲ್ರಿ ಅಕ್ಕೋರ. ಕಂಬಾ, ಜಂತಿ ಎಲ್ಲಾ ಬಿಚ್ಚಿ ಬಂಡ್ಯಾಗ ಹೇರಕೊಂಡ ಬಂದ್ರಂತ."

ಪುಸ್ತಕದಲ್ಲಿ 'ಮುಳುಗಡೆ' ಎಂಬ ಒಂದೇ ಶಬ್ದವಿತ್ತು. 'ಮಾಯವಾಗು' ಎಂಬ ಆಜ್ಞೆ ತೆಗೆದು, 'ಬೇರೆ ಕಡೆಗೆ ಸರಿ' ಎಂಬ ಆಜ್ಞೆ ಹಾಕಿದೆವು. ಹಾಗೆ ಹಾಕಿದ ಕೂಡಲೇ ಪ್ರಶ್ನೆ ಎದ್ದಿತು: ಯಾವ ಮನೆ ಎಲ್ಲಿಗೆ ಸರಿಯಬೇಕು? ಮಕ್ಕಳು ಮತ್ತೆ ಹಿರಿಯರನ್ನು ಕೇಳಲು ಹೋದರು. ಎಲ್ಲರೂ ಇಲ್ಲಿಗೇ ಬಂದಿರಲಿಲ್ಲ; ಕೆಲವರ ಮನೆ ರಾಮದುರ್ಗದ ಕಡೆಗೆ ಹೋಗಿತ್ತು, ಕೆಲವರದು ಬೈಲಹೊಂಗಲದ ಕಡೆಗೆ.

ಇಷ್ಟರಲ್ಲಿ ಮುಖ್ಯೋಪಾಧ್ಯಾಯರು ಕರೆಸಿದರು. "ಮೇಡಂ, ಪರೀಕ್ಷಾ ಹತ್ರ ಬಂದೈತಿ. ಈ ಆಟದಿಂದ ಮಾರ್ಕ್ಸ್ ಬರತಾವೇನ್ರಿ?"

ಪಾಲಕರ ಸಭೆಯಲ್ಲಿ ಒಮ್ಮೆ ತೋರಿಸುತ್ತೇನೆ, ಆಮೇಲೆ ನಿಲ್ಲಿಸೆಂದರೆ ನಿಲ್ಲಿಸುತ್ತೇನೆ ಎಂದೆ. ಒಪ್ಪಿದರು.

ಸಭೆಗೆ ರೇಣುಕಾಳ ಅಜ್ಜಿ ನೀಲವ್ವ ಬಂದಿದ್ದರು. ಪರದೆಯ ಮೇಲೆ ಊರು ಮೂಡಿದಾಗ ಎದ್ದು ಹತ್ತಿರ ಹೋದರು. "ಗೌಡ್ರ ಮನಿ ಬಂತು. ಗುಡಿ ಬಂತು. ಶೆಟ್ರ ಅಂಗಡಿ ಬಂತು. ಹಳ್ಳದ ಆಚೀಕಿನ ನಮ್ಮ ಕೇರಿ ಎಲ್ಲೈತಿ?"

ನಕ್ಷೆ ಬರೆದ ಹುಡುಗ ತಡವರಿಸಿದ. "ಪರದೆ ಹಳ್ಳಕ್ಕ ಮುಗದೈತಿ, ಅಜ್ಜಿ."

"ಊರು ಅಲ್ಲಿಗೇ ಮುಗದಿದ್ದಿಲ್ಲೋ ಯಪ್ಪಾ" ಎಂದರು ನೀಲವ್ವ.

ನಾನು ರೇಣುಕಾಳತ್ತ ನೋಡಿದೆ. "ನಾ ಹೇಳಿದ್ದೆರಿ. ಜಾಗಾ ಇಲ್ಲ ಅಂದ್ರು" ಎಂದಳು. ಗದ್ದಲದ ತರಗತಿಯಲ್ಲಿ ಅದು ನನ್ನ ಕಿವಿಗೆ ಬಿದ್ದಿರಲೇ ಇಲ್ಲ. ಸಭೆ ಮುಂದೂಡೋಣವೇ ಎಂದು ನಾನು ಯೋಚಿಸುತ್ತಿರುವಾಗ ಅವಳೇ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. "ಎಲ್ಲಾರ ಮನಿ ಸಣ್ಣು ಮಾಡತೇನ್ರಿ. ಅಂದ್ರ ಹಿಡಿತಾವ."

ಗುಡಿ ಸಣ್ಣದಾಯಿತು, ಗೌಡರ ಮನೆಯೂ ಸಣ್ಣದಾಯಿತು. ಹಳ್ಳ ಪರದೆಯ ನಡುವಿಗೆ ಬಂತು. ಅಜ್ಜಿ ಬೆರಳಿಟ್ಟು ತೋರಿಸಿದಲ್ಲೆಲ್ಲ ಮೊಮ್ಮಗಳು ಮನೆ ಇಟ್ಟಳು. ಮತ್ತೆ ನೀರು ಬಿಟ್ಟಾಗ ಅದು ಮೊದಲು ಮುಟ್ಟಿದ್ದು ತಗ್ಗಿನಲ್ಲಿದ್ದ ಕೇರಿಯನ್ನೇ. ಈ ಸಲ ಚಪ್ಪಾಳೆ ಬೀಳಲಿಲ್ಲ.

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮಿ ಮೊದಲಿನ್ಹಂಗ ಮಾಡವಾ" ಎಂದರು. ರೇಣುಕಾ ಗುಂಡಿ ಒತ್ತಿದಳು. ನೀರಿಳಿದು ಮನೆಗಳು ಮರಳಿ ಬಂದು ನಿಂತವು. ಅಜ್ಜಿ ಬಹಳ ಹೊತ್ತು ನೋಡಿದರು.

ಹೊರಡುವಾಗ ಮುಖ್ಯೋಪಾಧ್ಯಾಯರು, "ಬರೂ ವರ್ಷದ ಹುಡುಗ್ರಿಗೂ ಮಾಡಸ್ರಿ. ಪೋರ್ಶನ್ ಮಾತ್ರ ಬಿಡಬ್ಯಾಡ್ರಿ" ಎಂದರು. ಅಂದಿನಿಂದ ನಕ್ಷೆ ಮುಗಿಸುವ ಮುನ್ನ, ಯಾರ ಮನೆ ಇನ್ನೂ ಬಂದಿಲ್ಲ ಎಂದು ಮೊದಲು ಕೇಳುತ್ತೇನೆ.

ಈ ವರ್ಷ ನಾನು ಕೋಲಾರ ಜಿಲ್ಲೆಗೆ ವರ್ಗಾವಣೆ ಕೇಳಬಹುದು. ಕೇಳುತ್ತೇನೆ ಎಂದೂ ಇಲ್ಲ, ಕೇಳುವುದಿಲ್ಲ ಎಂದೂ ಇಲ್ಲ. ಇಲ್ಲಿ ರಜೆ ಬಂದರೆ 'ಊರಿಗೆ ಹೋಗ್ತೀನಿ' ಎಂದು ಎಲ್ಲರಿಗೂ ಹೇಳಿ ಮುಳಬಾಗಿಲಿನ ಬಸ್ಸು ಹಿಡಿಯುತ್ತೇನೆ. ಕಳೆದ ದಸರೆಯಲ್ಲಿ ಅಲ್ಲಿ ಅಮ್ಮ ಇನ್ನೆರಡು ದಿನ ಇರು ಎಂದಾಗ, "ಇಲ್ಲಮ್ಮಾ, ಊರಿಗೆ ಹೋಗಬೇಕು, ಮಕ್ಕಳು ಕಾಯ್ತಾರೆ" ಎಂದುಬಿಟ್ಟೆ.

ಅಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಕೇಳಿದರು: "ಹಂಗಾದ್ರೆ ಇದು ಯಾವೂರು?"