ಹದಿನಾರು ಮಾರು

ಹಾರುವವಳು ಅವಳು, ಹೆದರುವವಳು ನಾನು. ನನ್ನ ತಂಗಿ ಉದ್ದಜಿಗಿತಕ್ಕೆ ಓಡಲು ನಿಂತಳೆಂದರೆ ನಾನು ಮೈದಾನಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದೆ. ಅವಳು ಮರಳಿನಲ್ಲಿ ಬಿದ್ದ ಶಬ್ದ ಕೇಳಿದ ಮೇಲೆ ತಿರುಗಿ, ಮೊದಲು ನೋಡುತ್ತಿದ್ದುದು ಅವಳನ್ನಲ್ಲ, ಕಾಲೂರಿ ಹಾರಬೇಕಾದ ಹಲಗೆಯ ಪಕ್ಕ ಕೂತವರ ಕೈಯ ಬಾವುಟವನ್ನು. ಬಿಳಿ ಎದ್ದರೆ ಹಾರಿದ್ದು ಲೆಕ್ಕಕ್ಕೆ ಬಂತು. ಕೆಂಪು ಎದ್ದರೆ ಹಲಗೆ ದಾಟಿ ಕಾಲಿಟ್ಟಿದ್ದಾಳೆ ಎಂದರ್ಥ, ಆಮೇಲೆ ಎಷ್ಟು ದೂರ ಹಾರಿದರೂ ಸೊನ್ನೆ. ಅವಳಿಗೆ ಆಗ ಹದಿನಾರು, ನನಗೆ ಇಪ್ಪತ್ತು. ಮೊಬೈಲು ನಮ್ಮ ಊರು ಹಂಗಾರಕಟ್ಟೆಯ ಕಡೆ ಇನ್ನೂ ಕಾಲಿಟ್ಟಿರಲಿಲ್ಲ.

ಅವಳಿಗೆ ಬೇಕಾಗಿದ್ದುದು ಕ್ರೀಡಾ ಹಾಸ್ಟೆಲಿನಲ್ಲಿ ಒಂದು ಸೀಟು. ಅಲ್ಲಿ ಸೇರಿದರೆ ಊಟ, ಬೂಟು, ತರಬೇತಿ ಎಲ್ಲ ಅವರದೇ. ಅಲ್ಲಿಂದ ರಾಜ್ಯ, ಆಮೇಲೆ ದೇಶ, ಆಮೇಲೆ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ. ಇಷ್ಟನ್ನೂ ಅವಳು ಅನ್ನ ಉಣ್ಣುವಾಗ, ತಲೆ ಬಾಚುವಾಗ, ಬಾವಿಯಿಂದ ನೀರು ಸೇದುವಾಗ ಹೇಳುತ್ತಿದ್ದಳು. ಕೇಳಿ ಕೇಳಿ ನಮ್ಮಮ್ಮನಿಗೂ ಬಾಯಿಪಾಠವಾಗಿತ್ತು. ಬ್ರಹ್ಮಾವರದ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಲ್ಲೇ ಅದನ್ನು ಗಿರಾಕಿಗಳಿಗೂ ಹೇಳುತ್ತಿದ್ದಳು. ನನಗೆ ಇದು ಸರಿ ಕಾಣುತ್ತಿರಲಿಲ್ಲ. ಆಗದ ಕೆಲಸವನ್ನು ಊರಿಡೀ ಸಾರಿದರೆ ಆಮೇಲೆ ಮುಖ ಎಲ್ಲಿಡುವುದು?

ಉದ್ದಜಿಗಿತದಲ್ಲಿ ಹಾರುವುದಕ್ಕಿಂತ ಓಡುವುದೇ ಕಷ್ಟ ಎಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಎಲ್ಲಿಂದ ಓಟ ಶುರುಮಾಡಬೇಕು ಎಂಬುದು ಪ್ರತಿಯೊಬ್ಬರಿಗೂ ಒಂದೊಂದು ಅಳತೆ. ಆ ಅಳತೆ ಒಂದು ಗೇಣು ತಪ್ಪಿದರೂ ಕೊನೆಯ ಹೆಜ್ಜೆ ಹಲಗೆಯ ಮೇಲೆ ಬೀಳುವುದಿಲ್ಲ. ಬೇರೆ ಹುಡುಗಿಯರು ಟೇಪು ಹಿಡಿಯುತ್ತಿದ್ದರು, ಕೆಲವರು ಪಾದ ಎಣಿಸುತ್ತಿದ್ದರು. ನನ್ನ ತಂಗಿಗೆ ಅಪ್ಪಯ್ಯನ ಹಗ್ಗ ಇತ್ತು. ಹದಿನಾರು ಮಾರು ಉದ್ದ, ಎರಡು ತುದಿಗೂ ಗಂಟು. ಒಂದು ಗಂಟು ಹಲಗೆಗೆ, ಇನ್ನೊಂದು ಗಂಟು ಎಲ್ಲಿ ಬರುತ್ತದೋ ಅಲ್ಲಿ ಅವಳ ಗುರುತು.

ಎರಡೂ ಕೈ ಚಾಚಿದರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ಬಲೆಯ ಹಗ್ಗವನ್ನು ನಮ್ಮ ಕಡೆ ಅಳೆಯುವುದು ಹಾಗೆ. ಅಪ್ಪಯ್ಯ ಬೋಟಿಗೆ ಹೋಗುತ್ತಿದ್ದವರು. ಆದರೆ ಯಾರದೇ ಹೊಸ ಬಲೆಗೆ ಹಗ್ಗ ಕಟ್ಟುವುದಿದ್ದರೂ ಮಾರು ಹಾಕಲು ಅವರನ್ನೇ ಕರೆಯುತ್ತಿದ್ದರು. ನೂರು ಮಾರು ಹಾಕಿದರೂ ಅವರದು ಒಂದು ಬೆರಳು ಹೆಚ್ಚುಕಮ್ಮಿ ಆಗುತ್ತಿರಲಿಲ್ಲ. ಹೆಚ್ಚು ಮಾತಾಡದ ಮನುಷ್ಯನಿಗೆ ಇದೊಂದು ಹೆಮ್ಮೆ.

ಹಾಸ್ಟೆಲಿಗೆ ಮಂಗಳೂರಿನಲ್ಲಿ ನಡೆಯುವ ಆಯ್ಕೆಗೆ ಒಂದು ವಾರ ಇರುವಾಗ ಆ ಹಳೆಯ ಹಗ್ಗ ಸವೆದು ತುಂಡಾಯಿತು. ಅಪ್ಪಯ್ಯ ಬಿಚ್ಚಿಟ್ಟಿದ್ದ ಬಲೆಯೊಂದರ ನೈಲಾನ್ ಹಗ್ಗದಿಂದ ಹೊಸದಾಗಿ ಹದಿನಾರು ಮಾರು ಕತ್ತರಿಸಿ ಕೊಟ್ಟು ಬೋಟಿಗೆ ಹೋದರು. ಶಾಲೆಯ ಮೈದಾನದಲ್ಲಿ ವಾರ್ಷಿಕೋತ್ಸವದ ಚಪ್ಪರ ಎದ್ದಿದ್ದರಿಂದ ತಂಗಿಗೆ ಅದನ್ನು ಹಾಸಿ ಓಡಿ ನೋಡಲು ಜಾಗ ಸಿಗಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ, ಅಪ್ಪಯ್ಯ ಹಾಕಿದ ಮಾರಿಗೆ ಪರೀಕ್ಷೆ ಯಾಕೆ?

ಚಿಂತೆ ನನಗಿತ್ತು, ಬೇರೆಯದೇ ಚಿಂತೆ. ಆ ಹಗ್ಗ ಮೀನು ನಾರುತ್ತಿತ್ತು.

ಈಗ ಹೇಳಲು ನಾಚಿಕೆಯಾಗುತ್ತದೆ. ಆದರೆ ನಾನು ಕಾಲೇಜಿಗೆ ಹೋಗುತ್ತಿದ್ದುದು ಅಮ್ಮ ಬುಟ್ಟಿ ಹೊತ್ತು ಹತ್ತುತ್ತಿದ್ದ ಬಸ್ಸಿನಲ್ಲೇ. ಅಮ್ಮ ಬಂದು ನನ್ನ ಪಕ್ಕ ನಿಂತರೆ ಎದುರಿನ ಸೀಟಿನ ಹುಡುಗಿಯರು ಕರವಸ್ತ್ರ ತೆಗೆಯುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಮಂಗಳೂರಿನ ಮೈದಾನದಲ್ಲಿ ದೊಡ್ಡ ಶಾಲೆಗಳ ಹುಡುಗಿಯರ ನಡುವೆ ನನ್ನ ತಂಗಿ ಈ ಹಗ್ಗ ಬಿಚ್ಚುವುದು, ಒಬ್ಬೊಬ್ಬರಾಗಿ ಮೂಗು ಮುಚ್ಚಿಕೊಳ್ಳುವುದು, ಅದನ್ನು ಕಂಡು ಅವಳು ಓಟ ತಪ್ಪುವುದು, ಇಷ್ಟೂ ನನ್ನ ಕಣ್ಣಿಗೆ ಕಟ್ಟಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಮ್ಮ ಪೇಟೆಯಲ್ಲಿ, ತಂಗಿ ಶಾಲೆಯಲ್ಲಿ. ನಾನು ಬಚ್ಚಲ ಹಂಡೆಗೆ ಬೆಂಕಿ ಹಾಕಿ, ನೀರು ಕುದಿ ಬಂದ ಮೇಲೆ ಸೋಡಾಪುಡಿ ಸುರಿದು, ಹಗ್ಗವನ್ನು ಅದರಲ್ಲಿ ಮುಳುಗಿಸಿದೆ. ಅರ್ಧ ಗಂಟೆ ಬೇಯಿಸಿರಬೇಕು. ಆಮೇಲೆ ಒಳ್ಳೆಯ ಸಾಬೂನು ತಿಕ್ಕಿ ಬಿಸಿಲಿಗೆ ಒಣಗಿಸಿ ಮಡಚಿ ಅವಳ ಚೀಲದಲ್ಲಿಟ್ಟೆ. ಅಪ್ಪಯ್ಯ ಮನೆಯಲ್ಲಿದ್ದಿದ್ದರೆ ಅಂಗಳದಿಂದಲೇ ಕೂಗುತ್ತಿದ್ದರು. ನೈಲಾನನ್ನು ಕುದಿಸಬಾರದು ಎಂಬುದು ಮೀನುಗಾರರ ಮನೆಯ ಮಕ್ಕಳಿಗೆಲ್ಲ ಗೊತ್ತು, ನನ್ನಂತೆ ಬಲೆಯ ಕಡೆ ಮುಖ ಹಾಕದೆ ಪುಸ್ತಕ ಹಿಡಿದು ಕೂತವರನ್ನು ಬಿಟ್ಟು.

ಮೈದಾನದಲ್ಲಿ ಯಾರೂ ಮೂಗು ಮುಚ್ಚಿಕೊಳ್ಳಲಿಲ್ಲ. ಪಕ್ಕದ ಹುಡುಗಿಯೊಬ್ಬಳು, "ನಿಮ್ ಹಗ್ಗ ಎಷ್ಟ್ ಪರಿಮಳ ಇದೆ!" ಎಂದಳು. ನನಗೆ ಖುಷಿಯಾಯಿತು.

ಅಭ್ಯಾಸದ ಓಟದಲ್ಲೇ ತಂಗಿಯ ಕಾಲು ಹಲಗೆ ದಾಟಿ ಬಿತ್ತು. ಗಡಿಬಿಡಿ ಇರಬೇಕು ಎಂದುಕೊಂಡಳು. ಮೊದಲ ಅವಕಾಶ, ಕೆಂಪು ಬಾವುಟ. ಎರಡನೆಯದಕ್ಕೆ ಹಗ್ಗವನ್ನು ಮತ್ತೆ ಹಾಸಿ ಗುರುತು ಸರಿಯಿದೆಯೆಂದು ನೋಡಿಕೊಂಡು ಓಡಿದಳು, ಮತ್ತೆ ಕೆಂಪು. ಮೂರನೆಯದಕ್ಕೆ ಹೆದರಿ ಅಂದಾಜಿನ ಮೇಲೆ ಎಲ್ಲಿಂದಲೋ ಓಡಿ, ಹಲಗೆಗಿಂತ ಎಷ್ಟೋ ಹಿಂದೆಯೇ ಹಾರಿಬಿಟ್ಟಳು. ಬಿಳಿ ಬಾವುಟವೇನೋ ಎದ್ದಿತು, ಆದರೆ ಹಾರಿದ ದೂರ ಹೇಳಿಕೊಳ್ಳುವಂಥದಲ್ಲ. ಆಯ್ಕೆ ಮಾಡುವವರಲ್ಲಿ ಒಬ್ಬರು ಅವಳನ್ನು ಕರೆದು, "ಹಾರೋದು ಚೆನ್ನಾಗಿದೆಯಮ್ಮ, ಓಟದ ಅಳತೆಯೇ ಸರಿ ಇಲ್ಲ. ಮುಂದಿನ ವರ್ಷ ಇನ್ನೊಂದ್ಸಲ ಬಾ. ಆಮೇಲೆ ನಿನಗೆ ವಯಸ್ಸು ಮೀರತ್ತೆ" ಎಂದರು.

ಬಸ್ಸಿನಲ್ಲಿ ನಾನು ಸುಮ್ಮನಿರಬೇಕಿತ್ತು. ಹೆದರಿಕೆಯಾದಾಗ ಬೈಯುವುದು ನನ್ನ ಜಾಯಮಾನ.

"ಎರಡ್ ಸಲ ಫೌಲ್ ಮಾಡುಕೆ ನಿಂಗೆ ಎಂತ ಆಯ್ದ್? ಕಣ್ ಕಾಣ್ತಿಲ್ಯಾ?" ಎಂದೆ. ಅವಳು ಉಡುಪಿ ದಾಟುವವರೆಗೂ ಅತ್ತಳು.

ಎರಡು ದಿನ ಬಿಟ್ಟು ಅಪ್ಪಯ್ಯ ಬೋಟಿನಿಂದ ಬಂದರು. ಸುದ್ದಿ ಕೇಳಿ ಹಗ್ಗ ತರಿಸಿದರು. ಅಂಗಳದಲ್ಲಿ ನಿಂತು ಕೈ ಚಾಚಿ ಮಾರು ಹಾಕಿದರು. ಇನ್ನೊಮ್ಮೆ ಹಾಕಿದರು. ಆಮೇಲೆ ಎಳೆ ಬಿಡಿಸಿ ಬೆರಳಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು.

"ಇದನ್ನ್ ಬಿಸಿನೀರಂಗೆ ಹಾಕಿದ್ಯಾ?" ದನಿ ತಗ್ಗಿಸಿ ಕೇಳಿದರು.

ನಾನು ತಲೆಯಾಡಿಸಿದೆ. "ವಾಸ್ನಿ ಬತ್ತಿತ್ತ್ ಅಂದೇಳಿ..."

"ಒಂದ್ ಮೊಳ ಕುಗ್ಗಿತ್ತ್."

ಒಂದು ಮೊಳ ಎಂದರೆ ಒಂದೂವರೆ ಅಡಿ. ಅಷ್ಟು ಮುಂದಿನಿಂದ ಓಡಿದ್ದಕ್ಕೇ ಅವಳ ಕಾಲು ಹಲಗೆ ದಾಟಿತ್ತು. ಅಷ್ಟರಲ್ಲಿ ತಂಗಿ ಕೊಡಪಾನ ಹಿಡಿದು ಬಾವಿಕಟ್ಟೆಯಿಂದ ಬಂದಳು. ಅಪ್ಪಯ್ಯನ ಕೈಯಲ್ಲಿ ಹಗ್ಗ ಕಂಡು ನಿಂತಳು. ಅಪ್ಪಯ್ಯ ನನ್ನ ಕಡೆ ನೋಡಲೇ ಇಲ್ಲ.

"ನಂದೇ ತಪ್ಪ್ ಮಗ," ಎಂದರು. "ಮಾರ್ ಹಾಕುವತಿಗೆ ಒಂದ್ ಮೊಳ ಕಮ್ಮಿ ಹಾಕಿದ್ದೆ."

ಅವಳು ಕೊಡಪಾನ ಕೆಳಗಿಟ್ಟಳು. "ನಿಂಗೆ ಅಷ್ಟೂ ಗೊತ್ತಾಯ್ಲಿಲ್ಯಾ ಅಪ್ಪಯ್ಯ?"

ನಾನು ಆ ಕ್ಷಣ ಬಾಯಿಬಿಡಬೇಕಿತ್ತು. ಬಿಡಲಿಲ್ಲ. ನಾಳೆ ಹೇಳೋಣ, ಅವಳ ಸಿಟ್ಟು ಇಳಿಯಲಿ ಎಂದುಕೊಂಡೆ. ನಾಳೆ ಬಂತು, ಶನಿವಾರ ಬಂತು, ಮಳೆಗಾಲ ಬಂತು. ದಿನ ಕಳೆದಷ್ಟೂ ಹೇಳಬೇಕಾದ ಮಾತು ಒಂದರ ಬದಲು ಎರಡಾಯಿತು. ಬೇಯಿಸಿದ್ದನ್ನೂ ಹೇಳಬೇಕು, ಇಷ್ಟು ದಿನ ಮುಚ್ಚಿಟ್ಟದ್ದನ್ನೂ ಹೇಳಬೇಕು.

ತಂಗಿ ಶಾಲೆಯ ಡ್ರಿಲ್ ಮಾಸ್ಟ್ರಿಂದ ಉಕ್ಕಿನ ಟೇಪು ಕೇಳಿ ತಂದಳು. ಕಾಲೇಜಿಗೆ ಸೇರಿದ ಮೇಲೂ ಸಂಜೆ ಹಳೆಯ ಮೈದಾನಕ್ಕೇ ಹೋಗಿ ಹಾರುತ್ತಿದ್ದಳು. ಅಪ್ಪಯ್ಯನ ಹತ್ತಿರ ಮಾತು ಬಿಡಲಿಲ್ಲ, ಅಳತೆ ಕೇಳುವುದನ್ನು ಬಿಟ್ಟಳು. ಅಮ್ಮ ಈ ಕಥೆಯನ್ನು ತಮಾಷೆಯೆಂದು ಪೇಟೆಯಲ್ಲಿ ಹೇಳಿದಳು. ಅಲ್ಲಿಂದ ಅದು ಬಂದರಿಗೆ ಬಂತು. "ಹ್ವಾಯ್, ಮಗ್ಳಿಗೇ ಮೊಳ ಕಮ್ಮಿ ಹಾಕ್ದೆ ಅಂಬ್ರಲೆ!" ಎಂದು ಬಲೆ ಕಟ್ಟುವವರು ನಗುತ್ತಿದ್ದರು. ಅಪ್ಪಯ್ಯನೂ ನಗುತ್ತಿದ್ದರು. ಆಮೇಲಾಮೇಲೆ ಅವರು ಮಾರು ಹಾಕಿ ಮುಗಿಸಿದ ಮೇಲೆ ಇನ್ನೊಬ್ಬರು ಸುಮ್ಮನೆ ಒಮ್ಮೆ ಹಾಕಿ ನೋಡುವುದು ಶುರುವಾಯಿತು. ಅವರು ಕೈ ಚಾಚಿದ್ದು ಕಂಡರೆ ನಾನು ಒಳಗೆ ಹೋಗುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಪಿತ್ತ ಆಗಿದೆ ಎಂದು ಅಮ್ಮ ಕಷಾಯ ಮಾಡಿಕೊಟ್ಟಳು. ಅದನ್ನೂ ಬಾಯಿ ಮುಚ್ಚಿಕೊಂಡು ಕುಡಿದೆ.

ಎರಡನೆಯ ಆಯ್ಕೆಗೆ ಹದಿನೈದು ದಿನ ಉಳಿದಿತ್ತು. ಒಂದು ಬೆಳಿಗ್ಗೆ ನಾನು ಕಾಲೇಜಿಗೆಂದು ಹೊರಟವಳು ಪುಸ್ತಕ ಮರೆತು ತಿರುಗಿ ಬಂದೆ. ಅಪ್ಪಯ್ಯ ಕೊಟ್ಟಿಗೆಯ ಹಿಂದೆ ಒಬ್ಬರೇ ಇದ್ದರು. ತಂಗಿಯ ಉಕ್ಕಿನ ಟೇಪನ್ನು ನೆಲದ ಮೇಲೆ ಉದ್ದಕ್ಕೆ ಎಳೆದು ಎರಡು ಕಲ್ಲು ಇಟ್ಟಿದ್ದರು. ಒಂದು ಹಗ್ಗಕ್ಕೆ ಮಾರು ಹಾಕುವುದು, ತಂದು ಟೇಪಿನ ಪಕ್ಕ ಇಟ್ಟು ಬಗ್ಗಿ ನೋಡುವುದು, ಮತ್ತೆ ಮಾರು ಹಾಕುವುದು. ತಪ್ಪು ತನ್ನದಲ್ಲವೆಂದು ಚೆನ್ನಾಗಿ ಗೊತ್ತಿದ್ದ ಮನುಷ್ಯ! ಒಂದು ವರ್ಷ ಊರೆಲ್ಲ ಹೇಳಿದ್ದಕ್ಕೆ ತನ್ನ ಕೈಯ ಮೇಲೆ ತನಗೇ ಸಂಶಯ ಬಂದಿತ್ತು. ನನಗೆ ನನ್ನ ಮೇಲೆ ಅಷ್ಟು ಅಸಹ್ಯ ಹಿಂದೆಂದೂ ಹುಟ್ಟಿರಲಿಲ್ಲ. ಕಾಲೇಜಿಗೆ ಹೋಗಲಿಲ್ಲ.

ಸಂಜೆ ಮೈದಾನಕ್ಕೆ ಹೋಗಿ ತಂಗಿಗೆ ಹೇಳಿದೆ. ಹಂಡೆ, ಸೋಡಾಪುಡಿ, ಸಾಬೂನು, ಎಲ್ಲ. ಅವಳು ಬೂಟಿನ ದಾರ ಕಟ್ಟುತ್ತಿದ್ದವಳು ನಿಲ್ಲಿಸಿದಳು.

"ಅಪ್ಪಯ್ಯಂಗೆ ಗೊತ್ತಿತ್ತಾ?"

"ಅವತ್ತೇ ಗೊತ್ತಾಯ್ದ್."

"ಒಂದ್ ವರ್ಷ ನೀ ಕಾಣ್ಕಂಡ್ ಇದ್ದಿದ್ಯಲೆ, ಅಕ್ಕ."

ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಒಳ್ಳೆಯದಿತ್ತು. ಅವಳು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮನೆಗೆ ನಡೆದಳು, ಹಿಂದಿನಿಂದ ನಾನು. ಬಲೆಯ ರಾಶಿಯಿಂದ ಒಂದು ಸುರುಳಿ ಹಗ್ಗ ಎಳೆದು ತಂದು ಅಪ್ಪಯ್ಯನ ಕಾಲ ಬಳಿ ಹಾಕಿದಳು.

"ಹದಿನಾರ್ ಮಾರ್ ಹಾಕ್. ಮೇಲೊಂದ್ ಗೇಣ್ ಬಿಡ್, ನಾ ಉದ್ದ ಆಯ್ದೆ."

"ಟೇಪ್ ಇತ್ತಲೆ?"

"ನೀ ಹಾಕ್ ಅಪ್ಪಯ್ಯ."

ಅಪ್ಪಯ್ಯ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಅವರು ಎದ್ದು ನಿಂತು, ಪಂಚೆ ಎತ್ತಿ ಕಟ್ಟಿ, ಕೈ ಚಾಚಿದರು.

ಆಯ್ಕೆಗೆ ಅವಳ ಜೊತೆ ಹೋದದ್ದು ಈ ಸಲವೂ ನಾನೇ. ಹೋಗುವಾಗ ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ಹಗ್ಗದ ವಾಸನೆ ಬಸ್ಸಿಗೆಲ್ಲ ಹರಡಿತ್ತು. ನನ್ನ ತಲೆಯಲ್ಲಿ ಓಡುತ್ತಿದ್ದುದು ಬೇರೆ. ಇವಳು ಟೇಪನ್ನು ಮನೆಯಲ್ಲೇ ಬಿಟ್ಟು ಬಂದಿದ್ದಾಳೆ. ಅಪ್ಪಯ್ಯನ ಕೈ ಈಗ ಮೊದಲಿನಂತಿದೆಯೋ ಇಲ್ಲವೋ. ಇದೇ ಕೊನೆಯ ಸಲ. ಇವತ್ತು ಕೆಂಪು ಎದ್ದರೆ ನಾನು ಇಬ್ಬರನ್ನೂ ಮುಗಿಸಿದಂತೆ.

ಈ ಸಲ ನಾನು ಬೆನ್ನು ಹಾಕಲಿಲ್ಲ. ಉಗುರು ಕಚ್ಚುತ್ತ ಹಲಗೆಯನ್ನೇ ನೋಡಿದೆ. ಮೊದಲನೆಯದು ಬಿಳಿ. ಎರಡನೆಯದು ಬಿಳಿ, ಪಾದ ಹಲಗೆಯ ಮೇಲೆ ಅಳೆದು ಇಟ್ಟಂತೆ ಕೂತಿತ್ತು. ಮೂರನೆಯದೂ ಬಿಳಿ. ಮೂರೂ ಸಲ ಅವಳು ತನ್ನ ಶಕ್ತಿಯಿದ್ದಷ್ಟೂ ಹಾರಿದಳು. ಒಂದು ಗಂಟೆ ಬಿಟ್ಟು ಪಟ್ಟಿ ಓದಿದರು. ಮೂವರನ್ನು ತೆಗೆದುಕೊಂಡಿದ್ದರು. ಇವಳು ಐದನೆಯವಳು. ಮೊದಲ ಮೂವರು ಇವಳಿಗಿಂತ ಎಷ್ಟೋ ದೂರ ಹಾರಿದ್ದರು.

ಹಾಗಾದರೆ ಹೋದ ವರ್ಷವೂ ಆಗುತ್ತಿರಲಿಲ್ಲವೋ ಏನೋ ಎಂಬ ಯೋಚನೆ ಬಂದು ನನ್ನ ಎದೆ ಒಂದು ಕ್ಷಣ ಹಗುರಾಯಿತು. ತಂಗಿಯ ಸೋಲಿನಲ್ಲಿ ನಾನು ಉಸಿರು ಬಿಟ್ಟೆ. ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಅವಳು ಅಳಲಿಲ್ಲ. ಹಗ್ಗ ಸುತ್ತಿ ಚೀಲಕ್ಕೆ ಹಾಕಿ, ಮೈದಾನದ ಎದುರಿನ ಫೋನ್ ಬೂತಿಗೆ ಹೋದಳು. ನಾನು ಬಾಗಿಲಲ್ಲಿ ನಿಂತೆ. ನಮ್ಮ ಮನೆಯ ಪಕ್ಕದ ಅಂಗಡಿಗೆ ಫೋನು. ಅಪ್ಪಯ್ಯ ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರಂತೆ. ಫೋನಿನಲ್ಲಿ ಅವರು ಮಾತಾಡುವುದು ಒಂದು ಬೋಟಿನಿಂದ ಇನ್ನೊಂದು ಬೋಟಿಗೆ ಕೂಗುವ ಹಾಗೆ. ಹೊರಗೆ ನಿಂತ ನನಗೂ ಕೇಳಿಸಿತು.

"ಸಿಕ್ತಾ ಮಗ?"

"ಇಲ್ಲೆ ಅಪ್ಪಯ್ಯ, ಸಿಕ್ಲಿಲ್ಲ. ನಂಗೆ ಅಷ್ಟ್ ದೂರ ಹಾರುಕೆ ಆಯ್ಲಿಲ್ಲ," ಎಂದಳು. ಆಮೇಲೆ ಇನ್ನೊಂದು ಕಿವಿಯನ್ನು ಕೈಯಲ್ಲಿ ಮುಚ್ಚಿಕೊಂಡು, ಅಂಗಡಿಯಲ್ಲಿ ಕೂತವರಿಗೆಲ್ಲ ಕೇಳಿಸಲಿ ಎಂಬಂತೆ ಗಟ್ಟಿಯಾಗಿ ಕೂಗಿದಳು. "ಆದ್ರೆ ನೀ ಹಾಕಿದ್ ಮಾರ್ ಸರಿ ಇದ್ದಿತ್. ಮೂರೂ ಬಿಳಿ. ಒಂದ್ ಫೌಲೂ ಇಲ್ಲೆ!"