ಅಕ್ಕನ ದೆವ್ವದ ಬಗ್ಗೆ ಓದುಗರು ಬರೆದದ್ದು

ಬಾಡಿಗೆ ಪುಸ್ತಕದ ಅಂಗಡಿ ಇಡುವವರಿಗೆ ನಾನು ಹೇಳುವುದು ಒಂದೇ ಮಾತು. ಪುಸ್ತಕಕ್ಕೆ ರಟ್ಟು ಹಾಕಿಸುವಾಗ ಕೊನೆಯಲ್ಲಿ ಒಂದಷ್ಟು ಖಾಲಿ ಹಾಳೆ ಸೇರಿಸಿ ಹೊಲಿಸಿ. ಮೇಜಿಗೆ ದಾರ ಕಟ್ಟಿ ಒಂದು ಪೆನ್ಸಿಲ್ಲು ಇಳಿಬಿಡಿ. ಪುಸ್ತಕ ವಾಪಸು ತಂದವರು ಅಲ್ಲೇ ನಿಂತು ಎರಡು ಸಾಲು ಗೀಚಿ ಹೋಗಲಿ. ಹೊಗಳಿದರೆ ಒಳ್ಳೆಯದು. ಬೈದರೆ ಇನ್ನೂ ಒಳ್ಳೆಯದು. ಅಷ್ಟು ಕೆಟ್ಟದಾಗಿದೆಯಾ, ನೋಡೇಬಿಡೋಣ ಅಂತ ಮುಂದಿನವನು ಅದನ್ನೇ ಒಯ್ಯುತ್ತಾನೆ. ಮತ್ತಿಕೆರೆಯಲ್ಲಿ ನನ್ನ ಅಂಗಡಿ ನಡೆದದ್ದು ಕಪಾಟಿನ ಪುಸ್ತಕಗಳಿಗಿಂತ ಹೆಚ್ಚಾಗಿ ಈ ಗೀಚಾಟದ ಮೇಲೆ.

ನಮ್ಮಪ್ಪ ಯಶವಂತಪುರದ ಗೂಡ್ಸ್ ಷೆಡ್ಡಿನಲ್ಲಿ ಮೂಟೆ ಹೊತ್ತು ಹೊತ್ತೇ ಹೋದವರು. ನಾನು ಸ್ಟೇಷನ್ನಿನ ಹೊರಗೆ ಗೋಣಿ ಹಾಸಿ ಹಳೇ ಮಾಸಪತ್ರಿಕೆ ಮಾರುತ್ತಾ ಶುರುಮಾಡಿದವನು. ಚೌಕಾಸಿ ನನಗೆ ಯಾರೂ ಹೇಳಿಕೊಡಲಿಲ್ಲ, ಹಸಿವು ಹೇಳಿಕೊಟ್ಟಿತು. ಎದುರಿನವರು ಮಾತು ನಿಲ್ಲಿಸಿದಾಗ ನೀವೂ ನಿಲ್ಲಿಸಿ, ಮೊದಲು ಬಾಯಿಬಿಟ್ಟವನು ಸೋತ. ನಾನು ಕಲಿತದ್ದೆಲ್ಲ ಇಷ್ಟೇ. ಇದರಿಂದ ಅಂಗಡಿ ಮಾಡಿದೆ, ಹಂಚಿನ ಮನೆ ಮಾಡಿದೆ. ಆದರೆ ಅರವತ್ತರ ದಶಕ ಶುರುವಾದ ಹೊಸತರಲ್ಲಿ, ಅಕ್ಕನನ್ನು ಉಳಿಸಿಕೊಳ್ಳಲು ಈ ವಿದ್ಯೆ ಕೊನೆಯ ದಿನದವರೆಗೆ ಎಲ್ಲಿ ಹಚ್ಚಿದರೂ ಹತ್ತಲಿಲ್ಲ.

ಅಕ್ಕನನ್ನು ಜಕ್ಕೂರಿಗೆ ಕೊಟ್ಟಿತ್ತು. ಹೊಲ, ತೋಟ, ಎಮ್ಮೆ ಎಲ್ಲ ಇದ್ದ ಮನೆ. ಅಣ್ಣ ತಮ್ಮ ಇಬ್ಬರೇ. ತಮ್ಮನೇ ಅಕ್ಕನ ಗಂಡ, ನಮಗೆ ಚಿಕ್ಕ ಭಾವ. ಯಜಮಾನಿಕೆ ಅಣ್ಣನದು, ಅವರು ದೊಡ್ಡ ಭಾವ. ಒಂದು ದಿನ ಜಕ್ಕೂರಿನಿಂದ ಆಳು ಸೈಕಲ್ಲಿನಲ್ಲಿ ಬಂದ. ಚಿಕ್ಕ ಭಾವನಿಗೆ ಹಾವು ಕಚ್ಚಿದೆ ಅಂದ. ನಾವು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಿಥಿಯಾದ ಮೇಲೆ ಅಕ್ಕ ನಮ್ಮ ಜೊತೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಯಾಕೆ ಅಂತ ಕೇಳಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವ್ವ ಬೈದಳು, ಅತ್ತಳು. ಉತ್ತರ ಇಲ್ಲ.

ಎರಡು ವರ್ಷ ಕಳೆದ ಮೇಲೆ ದೊಡ್ಡ ಭಾವ ಹೇಳಿಕಳಿಸಿದರು. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು, ಮನೆ ನೋಡಲು ಹೆಂಗಸಿಲ್ಲ, ಯುಗಾದಿಗೆ ಮುಂಚೆ ಬಂದು ಕರೆದುಕೊಂಡು ಹೋಗುತ್ತೇನೆ ಅಂತ. ತಮ್ಮನ ಪಾಲಿಗೆ ಹಕ್ಕುದಾರಳಾದ ಹೆಂಗಸು ಬೇರೆ ಊರಲ್ಲಿ ಕೂತಿರುವುದು ಅವರಿಗೆ ಮುಳ್ಳಾಗಿತ್ತು ಅನ್ನುವುದು ನನಗೆ ತಕ್ಷಣ ಹೊಳೆಯಿತು. ಅವ್ವನಿಗೆ ಹೊಳೆಯಲಿಲ್ಲ.

"ಗಂಡನ ಮನೆಯೋರು ತಾವಾಗಿ ಕರೀತಾವ್ರೆ. ಇನ್ನೇನ್ ಬೇಕು ಇವಳಿಗೆ? ನಾಳೆ ನಿನ್ನ ಹೆಂಡ್ತಿ ಬಂದ್ರೆ ಇವಳನ್ನ ಎಲ್ಲಿಟ್ಕೊಳ್ತೀಯೋ?"

ಅಕ್ಕ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತದೆ ನನಗೆ ಮಾತ್ರ ಕೇಳುವ ಹಾಗೆ ಅಂದಳು: "ಅಲ್ಲಿಗೆ ಕಳಿಸೋದಾದ್ರೆ ಹೆಬ್ಬಾಳದ ಕೆರೆ ಹತ್ರ ಇಳಿಸಿಬಿಡು. ಮುಂದಕ್ಕೆ ಬೇಡ."

ಅವಳಿಗಿದ್ದ ದಾರಿ ಒಂದೇ, ಆ ಕಾದಂಬರಿ. ಮಿಡ್ಲ್ ಸ್ಕೂಲ್ ಮುಗಿಸಿದವಳು, ನನ್ನ ಅಂಗಡಿಯ ಪುಸ್ತಕವನ್ನೆಲ್ಲ ಓದಿ ಮುಗಿಸಿ ತಾನೇ ಒಂದು ಬರೆದಿದ್ದಳು. ದೆವ್ವದ ಕಾದಂಬರಿ. ಬಳೇಪೇಟೆಯ ಒಬ್ಬ ಪ್ರಕಾಶಕರ ಹತ್ತಿರ ನಾನು ಹಳೇ ದಾಸ್ತಾನು ಎತ್ತುತ್ತಿದ್ದೆ. ಅವರ ಬೆನ್ನು ಬಿದ್ದು ಅಚ್ಚು ಹಾಕಿಸಿದೆ. ಹೆಸರಿನ ಬದಲು ಬರೀ ಎರಡು ಅಕ್ಷರ, ಓದುವವರು ಗಂಡಸು ಅಂದುಕೊಳ್ಳಲಿ ಅಂತ. "ಲೈಬ್ರರಿ ಜನ ಏನಂತಾರೆ ನೋಡ್ಕೊಂಡು ಬನ್ನಿ. ಚೆನ್ನಾಗಿದೆ ಅಂದ್ರೆ ಇದೇ ಲೇಖಕರಿಂದ ವರ್ಷಕ್ಕೆ ಇಷ್ಟು ಅಂತ ಬರೆಸ್ಕೊಳ್ಳೋಣ," ಅಂದಿದ್ದರು. ಅದಾದರೆ ಅಕ್ಕನಿಗೆ ಸ್ವಂತ ಅನ್ನ. ದುಡಿಯುವ ಮಗಳನ್ನು ಹೊರಡು ಅನ್ನಲು ಅವ್ವನಿಗೂ ಬಾಯಿ ಬರುತ್ತಿರಲಿಲ್ಲ.

ಕತೆ ಇಷ್ಟು. ಒಂದು ರೈತರ ಮನೆ. ಅಂಗಳದಲ್ಲಿ ಹಗೇವು, ಅಂದರೆ ರಾಗಿ ತುಂಬಿಡಲು ನೆಲದೊಳಗೆ ಅಗೆದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ. ಅದಕ್ಕೆ ಇಳಿದ ತಮ್ಮ ಹಾವು ಕಚ್ಚಿ ಸಾಯುತ್ತಾನೆ. ಆಮೇಲೆ ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರಲ್ಲಿ ಒಬ್ಬೊಬ್ಬರ ಹಿಂದೆ ಬಂದು ನಿಲ್ಲುತ್ತಾನೆ. "ದೀಪ ಇಳಿಸಿದ್ರಾ?" ಅಂತ ಕೇಳುತ್ತಾನೆ, ಹೊರಟುಹೋಗುತ್ತಾನೆ. ಕೊನೆಗೆ ಅಣ್ಣ ತಾನೇ ಚಪ್ಪಡಿ ಸರಿಸಿ ಒಳಗೆ ಇಳಿಯುತ್ತಾನೆ. ಮುಗಿಯಿತು.

ನಮ್ಮ ಮನೆಗೆ ರಾಗಿ ಸೇರಿನ ಲೆಕ್ಕದಲ್ಲಿ ಬರುತ್ತಿತ್ತು. ಹಗೇವು ತುಂಬುವ, ತೆಗೆಯುವ ಕೆಲಸವನ್ನು ನಾನು ಕಣ್ಣಲ್ಲಿ ನೋಡಿರಲಿಲ್ಲ. ದೀಪದ ಮಾತು ನನಗೂ ಅರ್ಥವಾಗಿರಲಿಲ್ಲ. ದೆವ್ವ ಏನಾದರೊಂದು ಕೇಳಬೇಕಲ್ಲ, ಕೇಳುತ್ತಿದೆ ಅಂದುಕೊಂಡಿದ್ದೆ.

ಪುಸ್ತಕವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಇಟ್ಟೆ. ಬಂದವರಿಗೆಲ್ಲ ಒತ್ತಾಯಮಾಡಿ ಕೊಟ್ಟೆ. ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಹೋಗುವಾಗ ವಾಪಸು ಬಂದ ಪ್ರತಿಯನ್ನು ಜೊತೆಗೆ ಒಯ್ಯುತ್ತಿದ್ದೆ. ಅಕ್ಕ ಮುದ್ದೆ ಬಡಿಸಿ ಎದುರು ಕೂತು, "ಏನಂದ್ರು?" ಅನ್ನುತ್ತಿದ್ದಳು. ಹಿಂದಿನ ಹಾಳೆ ತೆಗೆದು ಓದುತ್ತಿದ್ದೆ.

"ದೆವ್ವದ ಪಾದ ಹಿಂದುಮುಂದಾಗಿಲ್ಲ. ಲೇಖಕ ಮಹಾಶಯರಿಗೆ ದೆವ್ವಗಳ ಪರಿಚಯ ಸಾಲದು."

"ಮಲಗುವಾಗ ಓದಿದೆ. ಸೊಗಸಾದ ನಿದ್ರೆ ಬಂತು."

ಇದರ ಕೆಳಗೆ ಬೇರೆ ಕೈಬರಹದಲ್ಲಿ: "ಮನೆಯಲ್ಲಿ ಹೆಂಡತಿಯನ್ನು ನೋಡಿ ಅಭ್ಯಾಸವಾಗಿದ್ದರೆ ಹಾಗೇ ಆಗುತ್ತದೆ."

ಅವ್ವ ಒಳಗಿನಿಂದ ನಕ್ಕಳು. ಅಕ್ಕ ನಗಲಿಲ್ಲ. "ಮುಂದೆ?" ಅಂದಳು.

"ದೀಪ ಇಳಿಸಿದ್ರಾ, ದೀಪ ಇಳಿಸಿದ್ರಾ ಎಂದು ಪೀಡಿಸುವ ಈ ದೆವ್ವ ಸಾಯುವ ಮುನ್ನ ಲೈಟು ಕಂಬದ ಇಲಾಖೆಯಲ್ಲಿತ್ತೇ?" ಇದು ರೈಲ್ವೆ ಗುಮಾಸ್ತರೊಬ್ಬರ ಬರಹ, ಅವರ ಅಕ್ಷರ ನನಗೆ ಗೊತ್ತು.

"ಅಣ್ಣ ಯಾಕೆ ಇಳಿದ? ಲೇಖಕರು ವಿವರಿಸಬೇಕಿತ್ತು. ಮೊದಲ ಕೃತಿಯಾದ್ದರಿಂದ ಕ್ಷಮಿಸಬಹುದು." ಇದು ರೂಮು ಮಾಡಿಕೊಂಡಿದ್ದ ಒಬ್ಬ ಕಾಲೇಜು ಹುಡುಗನದು. ಕ್ಷಮಿಸುವ ವಯಸ್ಸು ಅದು.

"ದೀಪ ಯಾಕೆ ಅಂತ ಯಾರೂ ಬರೆದಿಲ್ವಾ?" ಅಕ್ಕ ಕೇಳುತ್ತಿದ್ದಳು. ದಿನಾ ಅದೇ ಪ್ರಶ್ನೆ. ಇಲ್ಲ ಅಂದರೆ ತಟ್ಟೆ ಎತ್ತಿಕೊಂಡು ಎದ್ದುಹೋಗುತ್ತಿದ್ದಳು. ತಾನು ಉಣ್ಣುತ್ತಿದ್ದಳೋ ಇಲ್ಲವೋ. ಕೈಬಳೆ ಇಲ್ಲದ ಅವಳ ಮಣಿಕಟ್ಟು ದಿನದಿನಕ್ಕೆ ಸಣ್ಣಗಾಗುವುದು ಕಾಣುತ್ತಿತ್ತು.

ರೈಲ್ವೆ ಗುಮಾಸ್ತರನ್ನು ಸ್ಟೇಷನ್ನಿನ ಹತ್ತಿರವೇ ಹಿಡಿದೆ. "ಸ್ವಾಮಿ, ಹೊಸ ಲೇಖಕರು. ಇನ್ನೊಂದ್ ಸಲ ಓದಿ, ಬಾಡಿಗೆ ಬೇಡ. ಇಷ್ಟ ಆದ್ರೆ ಎರಡು ಒಳ್ಳೇ ಸಾಲು..."

"ಏನ್ರೀ, ಅಭಿಪ್ರಾಯಾನೂ ಚೌಕಾಸಿ ಮಾಡ್ತೀರಾ?" ಅಂದರು. "ನನಗೆ ಹೆದರಿಕೆ ಆಗ್ಲಿಲ್ಲ ಕಣ್ರೀ. ಆಗದೇ ಇರೋ ಹೆದರಿಕೇನ ಎಲ್ಲಿಂದ ತರ್ಲಿ?"

ನ್ಯಾಯದ ಮಾತು. ಅದಕ್ಕೇ ಉರಿಯಿತು.

ಬಳೇಪೇಟೆಗೆ ಹೋದೆ. ಪ್ರಕಾಶಕರಿಗೂ ಬೇರೆ ಲೈಬ್ರರಿಗಳಿಂದ ಇದೇ ಸುದ್ದಿ ಬಂದಿತ್ತು. ಎಲೆಅಡಿಕೆ ಹಾಕಿಕೊಳ್ಳುತ್ತಾ, "ನೋಡಿ, ದೆವ್ವ ಅಂದ್ಮೇಲೆ ಕೋರೆಹಲ್ಲು ಇರ್ಬೇಕು, ಬಿಳೀ ಸೀರೆ ಇರ್ಬೇಕು. ನಿಮ್ಮ ದೆವ್ವ ಸೌಟು ಕೇಳೋಕೆ ಬಂದ ಪಕ್ಕದ್ಮನೆಯವರ ಥರ ಇದೆ," ಅಂದರು. ನಾನು ಮಾತು ನಿಲ್ಲಿಸಿ ಕೂತೆ. ಅವರೂ ನಿಲ್ಲಿಸಿದರು. ಹೊರಗೆ ಜಟಕಾದ ಕುದುರೆ ಕೆನೆದು ಸುಮ್ಮನಾಯಿತು. ಕೊನೆಗೆ ನಾನೇ ಬಾಯಿಬಿಟ್ಟೆ: "ಇನ್ನೊಂದು ಬರೆಸಿ ಸಾರ್. ನೀವು ಹೇಳಿದ ಹಾಗೆ ಬರೀತಾರೆ. ಒಂದೇ ಒಂದು." ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವರು ತಲೆ ಆಡಿಸಿದರು, ಅಡ್ಡಡ್ಡ.

ಮನೆಗೆ ಬಂದಾಗ ಅವ್ವ ಟ್ರಂಕನ್ನು ಅಟ್ಟದಿಂದ ಇಳಿಸಿ ಒರೆಸುತ್ತಿದ್ದಳು. ನಾಳಿದ್ದು ದೊಡ್ಡ ಭಾವ ಬರುವುದಾಗಿ ಆಳು ಹೇಳಿಹೋಗಿದ್ದ.

ಮಾರನೇ ದಿನ ಬೆಳಿಗ್ಗೆ ಅಂಗಡಿಗೆ ಹೆಬ್ಬಾಳದ ಗೌಡರ ಮನೆಯ ಯಜಮಾನಿ ಬಂದರು. ತರಕಾರಿ ಗಾಡಿಯ ಜೊತೆ ಯಶವಂತಪುರಕ್ಕೆ ಬಂದವರು ನನ್ನ ಹತ್ತಿರ ಪುಸ್ತಕ ಬದಲಾಯಿಸಿಕೊಂಡು ಹೋಗುವ ವಾಡಿಕೆ. ಓದು ಬಾರದು. ಸೊಸೆ ಓದುತ್ತಾಳೆ, ಇವರು ಕೇಳುತ್ತಾರೆ. ನನ್ನನ್ನು ಚೌಕಾಸಿಯಲ್ಲಿ ಸೋಲಿಸಿದ ಹೆಂಗಸು ಇವರೊಬ್ಬರೇ. ಅಕ್ಕನ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು.

"ಯಾವನಪ್ಪಾ ಇದನ್ನ ಬರ್ದೋನು?"

"ಯಾಕಮ್ಮಾ? ನಿಮಗೂ ಹೆದರಿಕೆ ಆಗ್ಲಿಲ್ವಾ?"

"ದೆವ್ವಕ್ ಯಾವಳು ಎದರ್ತಾಳೆ? ನಾನ್ ಎದರ್ಕೊಂಡಿದ್ದು ಆ ಅಣ್ಣನ್ ಕಂಡು. ಎಂಥಾ ಕೇಡಿಗ!"

"ಅವನೇನು ಮಾಡ್ದ? ಕಚ್ಚಿದ್ದು ಹಾವಲ್ವಾ?"

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಗೇವು ಕಂಡಿಲ್ವಾ ನೀನು? ವರ್ಸಗಟ್ಲೆ ಮುಚ್ಚಿಟ್ಟಿದ್ದು. ಒಳಗಿನ ಗಾಳಿ ಇಸ ಆಗಿರ್ತದೆ. ಚಪ್ಪಡಿ ತೆಗುದ್ರೆ ಒಂದಿನ ಅಂಗೇ ಬಿಡ್ಬೇಕು. ಆಮೇಲೆ ಅಗ್ಗಕ್ಕೆ ಲಾಟೀನು ಕಟ್ಟಿ ಇಳಿಸ್ಬೇಕು. ಉರೀತಾ ಇದ್ರೆ ಮನುಸ ಇಳೀಬೋದು. ಆರೋಯ್ತಾ, ದೂರ ಬರ್ಬೇಕು. ಆ ಗಾಳಿ ಕುಡುದ್ರೆ ಕೂಗೋಕೂ ಆಗಲ್ಲ, ನಿಂತಲ್ಲೇ ಕುಸೀತಾನೆ. ಆ ಸತ್ತ ಐದ ಕೇಳ್ತಿರೋದು ಅದ್ನೇ ಕಣಪ್ಪಾ. ನನ್ನ ಇಳಿಸೋಕ್ ಮುಂಚೆ ದೀಪ ಇಳಿಸಿದ್ರಾ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಆವಂತೆ ಆವು! ದೀಪ ಉರೀದೇ ಇರೋ ಕಡೆ ಆವು ಬದುಕ್ತದಾ? ಇದು ಕಟ್ಟಿದ್ ಕತೆ ಅಲ್ಲ. ಆ ಮನೇಲಿದ್ದೋರ್ ಯಾರೋ ಬರ್ದವ್ರೆ."

ನಾನು ಪೆನ್ಸಿಲ್ಲು ಅವರ ಮುಂದೆ ಚಾಚಿದೆ. "ಇದನ್ನ ಬರೆದು ಕೊಡಿ ಅಮ್ಮಾ. ಸೊಸೆ ಕೈಲಾದ್ರೂ ಬರೆಸಿ."

"ಓಗಯ್ಯ, ಯಾರ ಮನೆ ಸಾವೋ ಏನೋ," ಅಂತ ಬೇರೆ ಪುಸ್ತಕವನ್ನೂ ಒಯ್ಯದೆ ಗಾಡಿ ಹತ್ತಿದರು.

ಅಂಗಡಿ ಬಾಗಿಲು ಎಳೆದುಕೊಂಡು ಮನೆಗೆ ಓಡಿದೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. "ಅಕ್ಕಾ, ಚಿಕ್ಕ ಭಾವ ಸತ್ತಿದ್ದು ಹಾವಿಂದಲ್ಲ, ಅಲ್ವಾ? ಹಗೇವಿಗೆ ಇಳಿಸೋಕ್ ಮುಂಚೆ ಅವರು ದೀಪ..."

ಒದ್ದೆ ಕೈಯಲ್ಲಿ ನನ್ನ ಬಾಯಿ ಮುಚ್ಚಿದಳು. ಅವಳ ಕಣ್ಣು ನನ್ನ ಮುಖದ ಮೇಲೆ ಇರಲಿಲ್ಲ, ತಲೆಯ ಮೇಲಿತ್ತು, ಅಲ್ಲಿ ಏನೋ ಬೀಳುವುದಿದೆ ಅನ್ನುವ ಹಾಗೆ. "ಕೇಳ್ಬೇಡ ಕಣೋ. ನಿನ್ನ ಕಾಲಿಗ್ ಬೀಳ್ತೀನಿ. ನನ್ನ ಏನೂ ಕೇಳ್ಬೇಡ." ಸುಮ್ಮನೆ ಅಂದದ್ದಲ್ಲ. ನನ್ನನ್ನು ಎತ್ತಿ ಆಡಿಸಿದವಳು ನಿಜವಾಗಿಯೂ ಬಗ್ಗಿದಳು. ನಾನು ಎರಡೂ ತೋಳು ಹಿಡಿದು ನಿಲ್ಲಿಸಬೇಕಾಯಿತು.

ಯಾರಿಗೆ ಹೇಳಲಿ? ಅವ್ವನಿಗೆ ಹೇಳಿದರೆ, ಪುಸ್ತಕದ ಮಾತು ಕಟ್ಟಿಕೊಂಡು ಸಂಬಂಧ ಕೆಡಿಸ್ತೀಯಾ ಅನ್ನುತ್ತಾಳೆ. ಜಕ್ಕೂರಿನವರು ದೊಡ್ಡ ಭಾವನ ಮುಂದೆ ಬಾಯಿಬಿಡುವುದಿಲ್ಲ. ಅಕ್ಕನೇ ಹೇಳಬೇಕು, ಅವಳು ಹೇಳುವುದಿಲ್ಲ. ನನ್ನ ಕೈಯಲ್ಲಿದ್ದದ್ದು ಒಂದು ದೆವ್ವದ ಕಾದಂಬರಿ, ಅದೂ ಯಾರನ್ನೂ ಹೆದರಿಸದ ಕಾದಂಬರಿ.

ಮರುದಿನ ಬೆಳಿಗ್ಗೆ ದೊಡ್ಡ ಭಾವ ಬಂದರು. ಬಿಳೀ ಪಂಚೆ, ಜರಿ ಪೇಟ, ಬಾಳೆಗೊನೆ ಹೊತ್ತ ಆಳು. ಕೆಟ್ಟ ಮಾತಿನ ಮನುಷ್ಯರಲ್ಲ. ಅವ್ವನ ಮಂಡಿನೋವು ವಿಚಾರಿಸಿದರು. ಟ್ರಂಕು ಬಾಗಿಲ ಬಳಿ ಇತ್ತು. ಅಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು.

"ಬಸ್ಸಿಗೆ ಹೊತ್ತಾಯ್ತದೆ. ಹೊರಡಮ್ಮಾ," ಅಂದರು ಕಾಫಿ ಲೋಟ ಎತ್ತಿಕೊಂಡು.

ನಾನು ಹಿಂದಿನ ದಿನವೆಲ್ಲ ಮಾತು ಜೋಡಿಸಿಕೊಂಡಿದ್ದೆ. ಪಾಲಿನ ಮಾತು, ಕಾನೂನಿನ ಮಾತು, ಹೀಗಂದರೆ ಹಾಗೆ, ಹಾಗಂದರೆ ಹೀಗೆ. ಒಂದೂ ನಾಲಿಗೆಗೆ ಬರಲಿಲ್ಲ. ಬಂದದ್ದು ಪುಸ್ತಕದ ಮಾತು.

"ಭಾವ, ದೀಪ ಇಳಿಸಿದ್ರಾ?"

ಲೋಟ ತುಟಿಯ ಹತ್ತಿರವೇ ನಿಂತಿತು. ನಾನು ಮುಂದೆ ಒಂದು ಅಕ್ಷರ ಆಡಲಿಲ್ಲ. ಅವರೂ ಆಡಲಿಲ್ಲ. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು, ದನಿ ತಿರುವಿನಾಚೆ ಕರಗಿತು. ಅವರು ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರು, ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನ್ನುವ ಹಾಗೆ. ಅಲ್ಲಿದ್ದದ್ದು ಗೋಡೆ.

"ರಾಗಿ ಮಂಡಿಯೋನ ಗಾಡಿ ಕಾಯ್ತಿತ್ತು," ಅಂದರು. ತುಂಬಾ ಸಣ್ಣ ದನಿ. "ಅವ್ನು ಅವಸರ ಮಾಡ್ದ. ಒಂದ್ ಗಳಿಗೆ... ಏನಾಯ್ತದೆ ಅಂತ..."

ಅವ್ವ ಕೈಯಲ್ಲಿದ್ದ ಎಲೆಅಡಿಕೆ ತಟ್ಟೆ ಹಾಗೇ ಕೆಳಗಿಟ್ಟಳು. "ಹಾವು ಅಂದ್ರಲ್ಲಾ. ಹಾವು ಅಂತ ಹೇಳ್ಕಳಿಸಿದ್ರಲ್ಲಾ!"

ಅವರು ಎದ್ದರು. ಪೇಟ ಮರೆತು ಅಂಗಳ ದಾಟಿದರು. ಆಳು ವಾಪಸು ಬಂದು ಅದನ್ನು ತೆಗೆದುಕೊಂಡು ಓಡಿದ. ಟ್ರಂಕಿನ ಕಡೆ ಯಾರೂ ನೋಡಲಿಲ್ಲ.

ಅವ್ವ ಅಕ್ಕನ ಭುಜ ಹಿಡಿದು ಅಲುಗಾಡಿಸಿದಳು. "ಯಾಕೆ ಹೇಳ್ಲಿಲ್ಲ? ಹೆತ್ತವಳಿಗೂ ಹೇಳ್ಬಾರ್ದಾಗಿತ್ತಾ?"

"ಆಣೆ ಹಾಕಿಸ್ಕೊಂಡ್ರು ಅವ್ವಾ. ಮನೆದೇವ್ರ ಮುಂದೆ ಕರ್ಪೂರ ಹಚ್ಚಿ. ಬಾಯಿಬಿಟ್ಟು ಹೇಳಿದ್ರೆ ಇವನ ತಲೆ ಹೋಗ್ಲಿ ಅಂತ. ಇರೋನು ಒಬ್ಬನೇ ತಮ್ಮ."

ಅಷ್ಟು ದಿನ ಅವಳು ಕಾದದ್ದು ಪ್ರಕಾಶಕರ ಮಾತಿಗಾಗಿ ಅಲ್ಲ. ದೀಪ ಯಾಕೆ ಅಂತ ಒಬ್ಬರಾದರೂ ಓದುಗರು ಕಂಡುಹಿಡಿದು ಹೇಳಲಿ ಅಂತ. ಅವಳಿಗೆ ಎರಡನೇ ಕಾದಂಬರಿ ಬರೆಯುವ ಆಸೆಯೇ ಇರಲಿಲ್ಲ. ಆಮೇಲೆ ಬರೆಯಲೂ ಇಲ್ಲ.

ಅವತ್ತು ಅವಳು ನನ್ನ ಹತ್ತಿರ ಬಂದು ನಿಂತಳು. ಹಣೆ, ನೆತ್ತಿ, ಕಿವಿಯ ಹಿಂದೆ, ಜ್ವರ ನೋಡುವ ಹಾಗೆ ಕೈಯಾಡಿಸಿದಳು.

"ನಾನು ಬಾಯಿ ಬಿಟ್ಟಿಲ್ಲ, ಅಲ್ವೇನೋ?" ಅಂದಳು. "ಬರೆದಿದ್ದು ಅಷ್ಟೇ. ಬಾಯಿ ಬಿಟ್ಟಿಲ್ಲ."

"ಇಲ್ಲಕ್ಕಾ," ಅಂದೆ. "ಒಂದು ಮಾತೂ ಆಡಿಲ್ಲ ನೀನು."